ಒತ್ತಿಲ್ಲದ ಪೆಟಿಗೆ

"ಟಿಕೆಟ್ ಸುಳ್ಳು ಹೇಳಲ್ಲ ಸ್ವಾಮಿ," ಎಂದು ಪ್ರಯಾಣ ವಿಭಾಗದ ಮುಖ್ಯಸ್ಥರು ಕಾಗದವನ್ನು ಗಾಜಿನ ಮೇಜಿನ ಮೇಲೆ ನನ್ನತ್ತ ಜಾರಿಸಿದರು. "ಓದ್ಕೊಳ್ಳಿ. ಎಲ್ಲಿಂದ ಎಲ್ಲಿಗೆ?"

ನಾನು ಓದಲಿಲ್ಲ. ಹನ್ನೊಂದು ವರ್ಷ ವಿಮಾನ ಸಂಸ್ಥೆಯ ಟಿಕೆಟ್ ಕಿಟಕಿಯ ಹಿಂದೆ ಕುಳಿತು, ಕೊನೆಗೆ ಒಬ್ಬ ಬಡ ಪ್ರಯಾಣಿಕನಿಗೆ ಅಗ್ಗದ ದಾರಿ ಹೇಳಿಕೊಟ್ಟ ತಪ್ಪಿಗೆ ಹೊರಬಿದ್ದು, ಈಗ ಖಾಸಗಿ ಪತ್ತೇದಾರಿಕೆಯಲ್ಲಿ ಹೊಟ್ಟೆ ಹೊರೆಯುವವನು ನಾನು. ಟಿಕೆಟ್ ಎಷ್ಟು ಅಂದವಾಗಿ ಸುಳ್ಳು ಹೇಳುತ್ತದೆಂಬುದು ನನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?

ಗೋಡೆಯ ಗಡಿಯಾರ ಮೂರು ಗಂಟೆ ತೋರಿಸುತ್ತಿತ್ತು. ಈ ಕಂಪನಿಯ ಬಾಯ್ಲರ್ ತಪಾಸಣೆಗಾರ ಕಾಣೆಯಾಗಿ ಅಂದಿಗೆ ಒಂಬತ್ತು ದಿನ. ಸಂಜೆ ಐದಕ್ಕೆ ಠಾಣೆಯ ಅಧಿಕಾರಿ 'ಸ್ವಇಚ್ಛೆಯಿಂದ ಮನೆ ಬಿಟ್ಟಿದ್ದಾನೆ' ಎಂದು ಬರೆದು ಕಡತ ಮುಚ್ಚುವವನಿದ್ದ.

ಅವನ ಹೆಂಡತಿ ನನ್ನ ಪಕ್ಕದ ಕುರ್ಚಿಯಲ್ಲಿದ್ದಳು. ಪ್ರಾಥಮಿಕ ಶಾಲೆಯ ಟೀಚರು. ಬೆಳಗ್ಗೆ ತಿದ್ದಿದ ಉತ್ತರ ಪತ್ರಿಕೆಗಳ ಕೆಂಪು ಇನ್ನೂ ಬೆರಳ ತುದಿಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಒಂದೇ ಒಂದು ಮಾತು ಕೇಳಿದ್ದಳು: "ಬಿಟ್ಟುಹೋದ ಅಂತ ಬರೆದ್ಮೇಲೆ ಯಾರೂ ಹುಡುಕಲ್ಲ, ಅಲ್ವಾ ಸರ್?"

"ಹುಡುಕಲ್ಲ ಟೀಚರ್," ಎಂದಿದ್ದೆ. ಸುಳ್ಳು ಹೇಳಿ ಸಮಾಧಾನ ಮಾಡುವ ವಿದ್ಯೆ ನನಗೆ ಬಾರದು.

"ನಾನೇ ಹೇಳ್ತೀನಿ ಕೇಳಿ," ಎಂದರು ಮುಖ್ಯಸ್ಥರು. "ಅವನು ತಪಾಸಣೆಗೆ ಹೋಗಿದ್ದ ಕಾರ್ಖಾನೆ ಊರಿಂದ ಹೊರಟು, ನಮ್ಮೂರಲ್ಲಿ ವಿಮಾನ ಬದಲಾಯಿಸಿ, ಕೊನೇ ಊರಿಗೆ. ಅಲ್ಲಿ ನಮ್ಮ ಕಂಪನಿದು ಒಂದು ಬೋರ್ಡೂ ಇಲ್ಲ. ಮತ್ತೆ ಅಲ್ಲೇನು ಕೆಲಸ ಅವನಿಗೆ? ಸ್ವಂತ ಕೆಲಸ."

'ಸ್ವಂತ' ಎನ್ನುವಾಗ ಅವರು ದನಿಯನ್ನು ತಗ್ಗಿಸಿದರು, ಟೀಚರಿಗೆ ಇನ್ನೂ ಚೆನ್ನಾಗಿ ಕೇಳಿಸಲೆಂದು.

"ಸಾಲದ್ದಕ್ಕೆ ಹದಿನಾಲ್ಕು ಕೆ.ಜಿ. ಸೂಟ್‌ಕೇಸ್ ಬೇರೆ ವಿಮಾನಕ್ಕೆ ಹಾಕಿದಾನೆ. ಹೋದವನು ವಾಪಸ್ ಬರೋಕೆ ಹೋಗಿಲ್ಲ ಮೇಡಂ. ಬೇಜಾರು ಮಾಡ್ಕೋಬೇಡಿ. ನಮಗೂ ಬೇಜಾರೇ."

"ಕೈಚೀಲಕ್ಕೆ ಹಾಕ್ಕೊಂಡ ಎರಡು ಬಿಟ್ರೆ ಮನೇಲಿ ಅವರ ಒಂದು ಅಂಗೀನೂ ಕಮ್ಮಿ ಇಲ್ಲ," ಎಂದಳು ಟೀಚರು.

"ಹೊಸದು ಕೊಂಡಿರ್ತಾನೆ."

"ಇವರಾ? ಹೊಸದಾ?" ಅವಳು ನಕ್ಕಳು. ಒಂಬತ್ತು ದಿನಗಳಲ್ಲಿ ಅದು ಮೊದಲ ನಗು, ಕೇಳಲು ಹಿತವಾಗಿರಲಿಲ್ಲ. "ಮದುವೆ ಆದ ಹೊಸದರಲ್ಲಿ ಒಂದ್ಸಲ ಮೂರು ಅಂಗಿ, ಎರಡು ಪ್ಯಾಂಟು ಒಂದರ ಮೇಲೊಂದು ಹಾಕ್ಕೊಂಡು ಬಂದಿಳಿದ್ರು. ಸಾಮಾನಿನ ಭಾರಕ್ಕೆ ದುಡ್ಡು ಯಾಕೆ ಕೊಡ್ಬೇಕು ಅಂತ. ನಮ್ಮತ್ತೆ ಬಾಗಿಲಲ್ಲೇ ನೋಡಿ, ಹೊರಗಡೆ ಊಟ ಚೆನ್ನಾಗಿ ಮೈಗೆ ಹಿಡಿದಿದೆ ಕಣೇ ನನ್ನ ಮಗನಿಗೆ, ಅಂದ್ರು."

ಮುಖ್ಯಸ್ಥರ ತುಟಿಯಲ್ಲಿ ಮೂಡಿದ ನಗು ಅರ್ಧಕ್ಕೇ ನಿಂತಿತು.

ನಾನು ಗೋಡೆ ನೋಡುತ್ತಿದ್ದೆ. ಸಾಲಾಗಿ ನಾಲ್ಕು ಹಿತ್ತಾಳೆಯ ಫಲಕಗಳು: 'ವರ್ಷದ ಉಳಿತಾಯ ರತ್ನ'. ನಾಲ್ಕರಲ್ಲೂ ಮುಖ್ಯಸ್ಥರದೇ ಹೆಸರು. ಅವುಗಳ ನಡುವೆ ಕಟ್ಟು ಹಾಕಿಸಿದ ಒಂದು ಪುಸ್ತಕದ ಮುಖಪುಟ: 'ಪ್ರಯಾಣದಲ್ಲಿ ಉಳಿತಾಯ: ನಲವತ್ತು ಸೂತ್ರಗಳು'. ಬರೆದವರ ಹೆಸರು ಪುಸ್ತಕದ ಹೆಸರಿಗಿಂತ ದಪ್ಪಕ್ಷರದಲ್ಲಿತ್ತು.

"ಪುಸ್ತಕ ತಾವೇ ಬರೆದದ್ದಾ ಸಾರ್?"

ಅವರ ಬೆನ್ನು ನೆಟ್ಟಗಾಯಿತು. "ನಾನೇ. ಹನ್ನೆರಡು ಶಾಖೆಗೂ ಹಂಚಿದೀವಿ. ಹೋಟೆಲು, ವಿಮಾನ ಎರಡೂ ಸೇರಿ ಖರ್ಚು ಮೂರರಲ್ಲಿ ಒಂದು ಪಾಲು ಇಳಿದಿದೆ, ನಾಲ್ಕೇ ವರ್ಷದಲ್ಲಿ."

"ಉಳಿದಿದ್ದೆಲ್ಲ ಎಲ್ಲಿಗೆ ಹೋಯ್ತು?"

"ಅಂದ್ರೆ?"

"ಸುಮ್ನೆ ಕೇಳ್ದೆ."

"ನಿರ್ದೇಶಕರ ಚಿಂತನ ಶಿಬಿರಕ್ಕೆ. ವರ್ಷಕ್ಕೊಂದ್ಸಲ, ಸಮುದ್ರದ ಕಡೆ," ಎಂದರು, ಅದರಲ್ಲಿ ಕೇಳುವಂಥದ್ದೇನೂ ಇಲ್ಲವೆಂಬಂತೆ.

ತಪಾಸಣೆಗಾರ ತಿಂಗಳಲ್ಲಿ ಹದಿನೆಂಟು ದಿನ ಊರೂರು ಅಲೆದು, ನಿಲ್ದಾಣದ ಬೆಂಚುಗಳ ಮೇಲೆ ಬೆನ್ನು ಸವೆಸಿ ಉಳಿಸಿದ್ದು ಸಮುದ್ರದ ಗಾಳಿಯಾಗಿ ಯಾರದೋ ಮುಖಕ್ಕೆ ಬೀಸಿತ್ತು. ನಾನು ಚೀಲದಿಂದ ಅದೇ ಪುಸ್ತಕದ ಒಂದು ಪ್ರತಿಯನ್ನು ತೆಗೆದೆ. ಟೀಚರು ಮನೆಯಿಂದ ತಂದುಕೊಟ್ಟಿದ್ದು. ಅಂಚುಗಳು ಬಳಸಿ ಮೆತ್ತಗಾಗಿದ್ದವು.

"ಚೆನ್ನಾಗಿದೆ ಸಾರ್. ಹತ್ತೊಂಬತ್ತನೇ ಸೂತ್ರ ನೋಡಿ: 'ಲಿಫ್ಟಿನ ಪಕ್ಕದ ಕೋಣೆಯನ್ನು ಯಾರೂ ಕೇಳುವುದಿಲ್ಲ. ಅದನ್ನೇ ಕೇಳತಕ್ಕದ್ದು. ಸದ್ದಿಗೆಂದು ಬಾಡಿಗೆಯಲ್ಲಿ ಕಾಲು ಭಾಗ ಬಿಡುತ್ತಾರೆ. ಸದ್ದು ಮೂರನೆಯ ರಾತ್ರಿಗೆ ಅಭ್ಯಾಸವಾಗುತ್ತದೆ.' ಮೂರು ರಾತ್ರಿ ಕಳೆದೋರು ಮಾತ್ರ ಬರೆಯೋ ಮಾತು ಇದು. ತಾವು ಲಿಫ್ಟ್ ಪಕ್ಕ ಮಲಗಿದೀರಾ?"

ಅವರು ಗಡಿಯಾರ ನೋಡಿದರು. "ವಿಷಯಕ್ಕೆ ಬನ್ನಿ."

"ವಿಷಯ ಏಳನೇ ಸೂತ್ರದಲ್ಲಿದೆ." ನಾನು ಎದ್ದುನಿಂತು, ಶಾಲೆಯ ಹುಡುಗನಂತೆ ಪುಸ್ತಕವನ್ನು ಎತ್ತಿ ಹಿಡಿದು ಓದಿದೆ. "'ನಮ್ಮ ಊರಿಗೆ ಒಂದೇ ಸಂಸ್ಥೆಯ ವಿಮಾನವಿರುವಾಗ ಅದು ಕೇಳಿದ್ದೇ ದರ. ಆಚೆಯ ಊರಿಗೆ ಮೂರು ಸಂಸ್ಥೆಗಳು ಪೈಪೋಟಿಗೆ ಬಿದ್ದಿದ್ದರೆ ಅಲ್ಲಿಗೆ ಅರ್ಧ ದರ. ಆದ್ದರಿಂದ ಆಚೆಯ ಊರಿಗೆ ಟಿಕೆಟ್ ಕೊಂಡು, ವಿಮಾನ ಬದಲಾಯಿಸುವ ನಮ್ಮ ಊರಿನಲ್ಲೇ ಇಳಿದು ಮನೆಗೆ ನಡೆಯತಕ್ಕದ್ದು. ಎರಡನೆಯ ವಿಮಾನವನ್ನು ಹತ್ತಕೂಡದು. ಹೋಗಿಬರುವ ಟಿಕೆಟ್ ಕೊಳ್ಳಕೂಡದು. ನಡುವೆ ಒಂದನ್ನು ಬಿಟ್ಟರೆ ಮುಂದಿನದೆಲ್ಲ ರದ್ದಾಗುತ್ತದೆ.'"

ನಾನು ಪುಸ್ತಕ ಮುಚ್ಚಿ, ಮೇಜಿನ ಮೇಲಿದ್ದ ಟಿಕೆಟ್ಟಿನ ಮೇಲೆ ಬೆರಳಿಟ್ಟೆ.

"ಹಾಗಾದ್ರೆ ಈ ಟಿಕೆಟ್ ಮೇಲೆ ಕೊನೇ ಊರು ಅಂತ ಇದ್ರೆ ಅರ್ಥ ಏನು ಸಾರ್? ಮನೆಗೆ ಬರ್ತಿದೀನಿ ಅಂತ. ಹೀಗೇ ನಲವತ್ತೊಂದು ಸಲ ಬಂದಿದಾರೆ. ನಲವತ್ತೊಂದು ಬಿಲ್ಲಿಗೂ ತಮ್ಮದೇ ಸಹಿ. ಪೊಲೀಸಿಗೆ ಮಾತ್ರ ಕೊನೇ ಊರಿಗೆ ಓಡಿಹೋದ ಅಂತ ಬರೆದುಕೊಟ್ರಿ. ಬರೆದೋರಿಗೇ ಏಳನೇ ಸೂತ್ರ ಮರೆತುಹೋಯ್ತಾ?"

ಮುಖ್ಯಸ್ಥರ ಮುಂದೆ ಎರಡು ಬಾಗಿಲುಗಳಿದ್ದವು. ಪುಸ್ತಕ ತನ್ನದೆಂದರೆ ಪೊಲೀಸರಿಗೆ ತಿಳಿದೂ ತಿಳಿದೂ ಸುಳ್ಳು ಹೇಳಿದಂತೆ. ತನ್ನದಲ್ಲವೆಂದರೆ ನಾಲ್ಕು ಫಲಕಗಳೂ ಕದ್ದ ಮಾಲು. ಅವರು ಫಲಕಗಳನ್ನೊಮ್ಮೆ ನೋಡಿ ಚಿಕ್ಕ ಕಳ್ಳತನವನ್ನು ಆರಿಸಿಕೊಂಡರು.

"ವಿವರ ಎಲ್ಲಾ ಅವನೇ ಬರೆದುಕೊಟ್ಟಿದ್ದು," ಎಂದರು. "ನಾನು ತಿದ್ದಿ ಒಂದು ರೂಪ ಕೊಟ್ಟೆ, ಅಷ್ಟೇ."

"ತಿದ್ದಿದ್ರಾ?"

ಕೇಳಿದ್ದು ಟೀಚರು. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಚೀಲದ ಬದಿಯಿಂದ ಕೆಂಪು ಪೆನ್ಸಿಲ್ ಎಳೆದು, ಮುಖ್ಯಸ್ಥರ ಗಾಜಿನ ಮೇಜಿನ ಮೇಲೆಯೇ ಪುಟ ಹರಡಿದಳು.

"ಇಲ್ಲಿ ನೋಡಿ. ಪೆಟಿಗೆ." ಒಂದು ಕೆಂಪು ಸುತ್ತು. "ಇಲ್ಲಿ, ಪೆಟಿಗೆ." ಇನ್ನೊಂದು. "ಇಲ್ಲೂ ಪೆಟಿಗೆ. ಟಕಾರಕ್ಕೆ ಒತ್ತೇ ಇಲ್ಲ. ಹದಿನೇಳು ಕಡೆ ಇದೆ. ನನ್ನ ಮೂರನೇ ಕ್ಲಾಸಿನ ಮಕ್ಕಳ ಕಣ್ಣಿಗೆ ಬೀಳುತ್ತೆ ಇದು. ಎಲ್ಲಿ ತಿದ್ದಿದ್ರಿ ತಾವು?"

"ಅಚ್ಚಿನ ದೋಷ ಮೇಡಂ."

"ಅಲ್ಲ. ಅದು ಇವರ ತಮಾಷೆ." ಅವಳು ಪೆನ್ಸಿಲನ್ನು ಕೆಳಗಿಟ್ಟಳು. "ಪ್ರಯಾಣದಲ್ಲಿ ಭಾರ ಇರಬಾರ್ದು ಕಣೇ, ಮೊದಲು ಪೆಟ್ಟಿಗೆ ಮೇಲಿನ ಒತ್ತು ಇಳಿಸ್ಬೇಕು, ಅಂತಿದ್ರು. ಊರೂರಿಂದ ಬರೆಯೋ ಕಾಗದದಲ್ಲೆಲ್ಲ ಹಾಗೇ. ಹದಿನಾರು ವರ್ಷ ಕೆಂಪು ಪೆನ್ಸಿಲ್ ಹಿಡ್ಕೊಂಡು ತಿದ್ದಿದೀನಿ. ಹದಿನಾರು ವರ್ಷಾನೂ ಬೇಕಂತ್ಲೇ ತಪ್ಪು ಬರೆದ್ರು. ತಾವು ಹೆಸರು ಹಾಕ್ಕೊಂಡ್ರಿ, ಇರಲಿ. ಒಂದ್ಸಲ ಓದೋದಲ್ವಾ?"

ಕೆಲವು ಪೆಟ್ಟುಗಳಿಗೆ ಸದ್ದಿರುವುದಿಲ್ಲ. ಮುಖ್ಯಸ್ಥರ ಕಿವಿಯ ತುದಿ ಕೆಂಪಾಯಿತು. ಆದರೆ ನಾಲ್ಕು ಫಲಕ ಗೆದ್ದ ಮನುಷ್ಯ ಅಷ್ಟಕ್ಕೇ ಮಣಿಯುವವರಲ್ಲ.

"ಸರಿ, ಅವನೇ ಬರೆದ ಅಂತಿಟ್ಕೊಳ್ಳಿ," ಎಂದು ಮುಂದಕ್ಕೆ ಬಾಗಿದರು. "ಹಾಗಾದ್ರೆ ನೀವೇ ಹೇಳಿ, ನೀವೂ ಟಿಕೆಟ್ ಮಾರಿದೋರು. ನಡುವೆ ಇಳ್ಕೊಳ್ಳೋನು ಸೂಟ್‌ಕೇಸ್ ಹಾಕ್ತಾನಾ? ಅದು ಸೀದಾ ಕೊನೇ ಊರಿಗೇ ಹೋಗುತ್ತಲ್ಲ? ಕೈಚೀಲ ಬಿಟ್ಟು ಇನ್ನೇನೂ ತರಬಾರ್ದು ಅಂತ ಅವನೇ ಊರಿಗೆಲ್ಲ ಪಾಠ ಹೇಳ್ತಿದ್ದ. ಅಂಥೋನು ಹದಿನಾಲ್ಕು ಕೆ.ಜಿ. ಹಾಕಿದಾನೆ ಅಂದ್ರೆ ಕೊನೇವರೆಗೂ ಹೋಗೋಕೇ ಹಾಕಿದಾನೆ."

ಒಳ್ಳೆಯ ಏಟು. ಮೂರು ದಿನ ಈ ಒಂದು ಪ್ರಶ್ನೆ ನನ್ನ ಊಟ ನಿದ್ದೆ ಎರಡನ್ನೂ ತಿಂದಿತ್ತು. ಟೀಚರು ನನ್ನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿದ್ದುದು ಅನುಮಾನವಲ್ಲ, ಅನುಮಾನದ ಭಯ.

ನಾನು ಜೇಬಿನಿಂದ ಒಂದು ಚೀಟಿ ತೆಗೆದೆ. ಹಳೆಯ ಗೆಳತಿಯೊಬ್ಬಳು ಇನ್ನೂ ಆ ಕಿಟಕಿಯ ಹಿಂದೆ ಕುಳಿತಿದ್ದಾಳೆ. ಬೆಳಗ್ಗೆ ಅವಳು ಗೀಚಿಕೊಟ್ಟದ್ದು.

"ಎರಡನೇ ವಿಮಾನದಲ್ಲಿ ಅವರ ಸೀಟು ಖಾಲಿ ಇತ್ತು ಸಾರ್. ಹತ್ತಲೇ ಇಲ್ಲ."

"ಪೊಲೀಸರು ವಿಚಾರಿಸಿದಾರೆ. ಸೂಟ್‌ಕೇಸ್ ಹಾಕಿದ್ದು ನಿಜ ಅಂತ ವಿಮಾನದೋರೇ..."

"ಹಾಕಿದ್ನಾ ಅಂತ ಪೊಲೀಸರು ಕೇಳಿದ್ರು, ಹೌದು ಅಂದ್ರು. ಇಳಿಸಿದ್ರಾ ಅಂತ ಕೇಳ್ಲಿಲ್ಲ. ಕೇಳದ್ದಕ್ಕೆ ಉತ್ತರ ಕೊಡೋ ಅಭ್ಯಾಸ ಯಾವ ಕಚೇರೀಲೂ ಇಲ್ಲ." ನಾನು ಚೀಟಿಯನ್ನು ಟಿಕೆಟ್ಟಿನ ಮೇಲಿಟ್ಟೆ. "ಹತ್ತದೇ ಇರೋನ ಪೆಟ್ಟಿಗೆ ಹೊತ್ಕೊಂಡು ವಿಮಾನ ಹಾರಲ್ಲ. ಹೊಟ್ಟೆ ಬಿಚ್ಚಿ ಹುಡುಕಿ ಕೆಳಗಿಳಿಸ್ಬೇಕು. ಅವತ್ತು ಇಪ್ಪತ್ತಾರು ನಿಮಿಷ ತಡ ಆಗಿದೆ. ಅಷ್ಟು ಹೊತ್ತೂ ನಿಲ್ದಾಣದ ತುಂಬ ಅವರ ಹೆಸರು ಕೂಗಿದಾರೆ. ಏಳು ಸಲ."

ಟೀಚರ ಬಾಯಿಂದ ಸಣ್ಣದೊಂದು ಸದ್ದು ಬಂತು.

"ನಲವತ್ತೊಂದು ಸಲ ಬೆಕ್ಕಿನ ಹಾಗೆ ಇಳಿದು ಹೋದ ಮನುಷ್ಯ ಸಾರ್, ನಲವತ್ತೆರಡನೇ ಸಲ ಊರಿಗೆಲ್ಲ ಕೇಳೋ ಹಾಗೆ ತನ್ನ ಹೆಸರು ಕೂಗಿಸಿದಾನೆ. ತಪ್ಪಿ ಅಲ್ಲ. ತಾನು ಇಲ್ಲೇ, ಈ ಊರಲ್ಲೇ ಇಳಿದೆ ಅಂತ ಬರವಣಿಗೇಲಿ ಸಾಕ್ಷಿ ಮಾಡಿಟ್ಟಿದಾನೆ. ಯಾರಿಗೋ ಹೆದರಿ."

"ಹಾಗಾದ್ರೆ ಆ ಪೆಟ್ಟಿಗೆ..." ಮುಖ್ಯಸ್ಥರು ಒಣಗಿದ ತುಟಿಯನ್ನು ಸವರಿಕೊಂಡರು.

"ಇದೇ ಊರಿನ ವಿಮಾನ ನಿಲ್ದಾಣದ ಉಗ್ರಾಣದಲ್ಲಿ ಇರ್ಬೇಕು. ಬಾಯ್ಲರಿನ ಸುರಕ್ಷತಾ ಕವಾಟ ಒಂದು ಎಷ್ಟು ತೂಗುತ್ತೆ ಸಾರ್?"

ಒಳಗೆ ಹಬೆಯ ಒತ್ತಡ ಮೀರಿದಾಗ ತಾನಾಗಿ ಬಾಯಿ ತೆರೆದು ಅಪಾಯ ತಪ್ಪಿಸುವ ಕಬ್ಬಿಣದ ಗಂಟು ಅದು. ಪದೇಪದೇ ತೆರೆದುಕೊಂಡು ಕೆಲಸ ಕೆಡಿಸುತ್ತದೆಂದು ಅದರ ಬಾಯಿಗೆ ಬೆಸುಗೆ ಹಾಕಿಸುವ ಕಾರ್ಖಾನೆಗಳಿವೆ. ಅಲ್ಲಿ ಕೆಲಸ ನಿಲ್ಲುವುದಿಲ್ಲ; ಒಂದು ದಿನ ಕೆಲಸಗಾರರೇ ಇರುವುದಿಲ್ಲ. ತಪಾಸಣೆಗಾರ ಹೋಗಿದ್ದ ಕಾರ್ಖಾನೆಯ ವರದಿ ಇನ್ನೂ ಈ ಕಚೇರಿಗೆ ಬಂದಿರಲಿಲ್ಲ. ಯಾರೂ ಅದನ್ನು ಕೇಳಿಯೂ ಇರಲಿಲ್ಲ. ಬೆಸುಗೆ ಬಿದ್ದ ಅಂಥದೊಂದು ಕವಾಟವನ್ನು ಅವನು ಸಾಕ್ಷಿಗೆಂದು ಆ ಪೆಟ್ಟಿಗೆಯಲ್ಲಿ ತಂದಿರಬೇಕೆಂಬುದು ನನ್ನ ಊಹೆಯಾಗಿತ್ತು.

"ನೀವಿನ್ನು ಹೊರಡಿ," ಎಂದರು ಮುಖ್ಯಸ್ಥರು.

ನಾವು ಬಾಗಿಲು ದಾಟುವ ಮೊದಲೇ ಅವರ ಕೈ ಫೋನಿನ ಮೇಲಿತ್ತು.

*

ಕೆಳಗೆ ಟೀಚರ ತಮ್ಮ ಟ್ಯಾಕ್ಸಿಯ ಬಾಗಿಲಿಗೆ ಒರಗಿ ನಿಂತಿದ್ದ. ನಮ್ಮನ್ನು ಕಂಡು ಕಿವಿಯಿಂದ ಫೋನ್ ಇಳಿಸಿ ಜೇಬಿಗೆ ಹಾಕಿಕೊಂಡ. "ಗಿರಾಕಿ," ಎಂದ. "ಬರಲ್ಲ ಅಂದೆ. ಅಕ್ಕನ ಕೆಲಸ ಮುಗಿಯೋವರೆಗೂ ಬೇರೆ ಯಾರನ್ನೂ ಹತ್ತಿಸಲ್ಲ."

ಅದು ನಿಜ. ಆರು ದಿನದ ಹಿಂದೆ ಅಕ್ಕನನ್ನು ನನ್ನ ಕೋಣೆಗೆ ಕರೆತಂದವನೇ ಅವನು. ಅಂದಿನಿಂದ ಅವಳು ಎಲ್ಲಿಗೆ ಹೋದರೂ ಅವನದೇ ಗಾಡಿ.

"ಏರ್‌ಪೋರ್ಟಿಗೆ ಬಿಡು ಕಣೋ. ಬೇಗ," ಎಂದಳು ಅಕ್ಕ. "ಪೆಟ್ಟಿಗೆ ಅಲ್ಲೇ ಇದೆಯಂತೆ."

ಅವನು ಕೀಲಿ ತಿರುಗಿಸಲು ಒಂದು ಕ್ಷಣ ತಡಮಾಡಿದ. ಆಮೇಲೆ ಗಾಡಿ ಹೊರಟಿತು.

ನಾನು ಠಾಣೆಯ ಅಧಿಕಾರಿಗೆ ಫೋನ್ ಮಾಡಿದೆ. ಅವನು ಏನನ್ನೋ ಅಗಿಯುತ್ತಿದ್ದ.

"ಇಳಿದಿದ್ದು ಇಲ್ಲೇ ಅಂತೀರಾ? ಹಾಗಾದ್ರೆ ಪೆಟ್ಟಿಗೆ ತೋರ್ಸಿ. ಇಲ್ಲಾಂದ್ರೆ ಅದನ್ನ ಯಾರು ತಗೊಂಡ್ರು ಅಂತ ಹೆಸರು ಹೇಳಿ. ಎರಡರಲ್ಲಿ ಒಂದು ಸಿಕ್ರೆ ಕಡತ ಮುಚ್ಚಲ್ಲ, ಇವತ್ತೇ ಹುಡುಕೋಕೆ ಜನ ಬಿಡ್ತೀನಿ. ಐದರವರೆಗೆ ನೋಡ್ತೀನಿ. ಐದಾದ್ಮೇಲೆ ನನ್ನ ಕೈಲಿಲ್ಲ."

ರಸ್ತೆ ತುಂಬ ಗಾಡಿಗಳು. ಸಿಗ್ನಲ್ಲಿನ ಕೆಂಪು ದೀಪ ನಮ್ಮ ಮೇಲೆ ಹಗೆ ಸಾಧಿಸುತ್ತಿತ್ತು. ಟೀಚರ ತಮ್ಮನಿಗೆ ಸುಮ್ಮನೆ ಕೂರಲು ಬಾರದು.

"ಭಾವ ನನ್ನ ಟ್ಯಾಕ್ಸಿಲಿ ಒಂದ್ಸಲಾನಾದ್ರೂ ಕೂತಿದಾರಾ ಕೇಳಿ ಸರ್. ಏರ್‌ಪೋರ್ಟ್ ಗೇಟಿಂದ ಎರಡು ಕಿಲೋಮೀಟರ್ ನಡ್ಕೊಂಡು ಬಂದು ಬಸ್ ಹತ್ತೋದು. ಪುಕ್ಕಟೆ ಬಿಡ್ತೀನಿ ಬನ್ನಿ ಭಾವ ಅಂದ್ರೆ, ನಿನ್ನ ಪೆಟ್ರೋಲ್ ಯಾಕೋ ಸುಡ್ತೀಯ ಅಂತಾರೆ."

"ನಿನ್ನ ಒಳ್ಳೇದಕ್ಕೇ ಹೇಳ್ತಿದ್ರು," ಎಂದಳು ಅಕ್ಕ.

"ಒಳ್ಳೇದಕ್ಕೇ ಅಕ್ಕಾ, ಯಾರು ಇಲ್ಲ ಅಂದ್ರು? ಗಾಡಿ ಸಾಲದ ಕಂತು ಕಟ್ಟೋಕಾಗದೆ ಕೇಳಿದಾಗ್ಲೂ ಒಳ್ಳೇದಕ್ಕೇ ಪಾಠ ಹೇಳಿದ್ರು, ನಲವತ್ತು ಸೂತ್ರ." ಅವನು ಹಾರ್ನ್ ಒತ್ತಿದ, ಅಗತ್ಯಕ್ಕಿಂತ ಹೆಚ್ಚು ಹೊತ್ತು. "ಅಂಥೋರು ಹದಿನಾಲ್ಕು ಕೆ.ಜಿ. ಎಳ್ಕೊಂಡು ತಿರುಗಿದಾರೆ ಅಂದ್ರೆ ನಂಬೋಕಾಗಲ್ಲ. ಅದೂ ಹಿಡಿ ಕಿತ್ತುಹೋಗಿರೋ ಸೂಟ್‌ಕೇಸು."

ನನ್ನ ಕಣ್ಣು ಗಡಿಯಾರದ ಮೇಲಿತ್ತು. ನಾಲ್ಕು ಗಂಟೆ ಎಂಟು ನಿಮಿಷ. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

*

ಬಿಟ್ಟುಹೋದ ಸಾಮಾನಿನ ಉಗ್ರಾಣ ನಿಲ್ದಾಣದ ನೆಲಮಾಳಿಗೆಯಲ್ಲಿತ್ತು. ಮೇಲೆ ಹೊಳೆಯುವ ಕಲ್ಲಿನ ನೆಲ, ಸುಗಂಧದ ಅಂಗಡಿಗಳು; ಕೆಳಗೆ ಹಸಿ ಸಿಮೆಂಟಿನ ವಾಸನೆ, ಅರ್ಧ ಎತ್ತಿದ ಕಬ್ಬಿಣದ ಷಟರ್. ಟೀಚರ ತಮ್ಮ ಗಾಡಿ ನಿಲ್ಲಿಸಲು ಹೋದ. ನಾವು ತಲೆ ತಗ್ಗಿಸಿ ಒಳಹೊಕ್ಕೆವು.

ಕಪಾಟುಗಳ ತುಂಬ ಯಜಮಾನರಿಲ್ಲದ ಪೆಟ್ಟಿಗೆಗಳು. ಛತ್ರಿಗಳು, ಜೊತೆಯಿಲ್ಲದ ಚಪ್ಪಲಿಗಳು, ಒಂದು ತಬಲಾ. ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಗುಮಾಸ್ತೆ ದಪ್ಪ ದಾಖಲೆ ಪುಸ್ತಕವನ್ನು ನಮ್ಮ ಮುಂದೆಯೇ ಬಿಡಿಸಿದಳು.

"ಒಂಬತ್ತು ದಿನದ ಹಿಂದೆ... ಹತ್ತದವರ ಬ್ಯಾಗು... ಇಲ್ಲಿದೆ." ಅವಳು ಬೆರಳಿಟ್ಟು ಓದಿದಳು. "ಬೂದು ಬಣ್ಣ, ಒಂದು. ತೂಕ ಹದಿನಾಲ್ಕು. ಷರಾ: ವಿಮಾನದಿಂದ ಇಳಿಸುವಾಗ ಹಿಡಿ ಕಿತ್ತಿದೆ, ಹಗ್ಗ ಕಟ್ಟಿದೆ."

ನಡೆಯುವವನ ಚಪ್ಪಲಿಯೊಳಗೆ ಸಣ್ಣ ಕಲ್ಲು ಸೇರಿದಂತೆ ಏನೋ ಒತ್ತಿತು. ಹಿಡಿ. ಇಳಿಸುವಾಗ ಕಿತ್ತಿದೆ. ಈ ಮಾತನ್ನು ನಾನು ಇಂದೇ ಎಲ್ಲೋ...

"ಎಲ್ಲಿದೆ ಅದು? ತೋರ್ಸಿ," ಎಂದಳು ಟೀಚರು.

"ಕೊಟ್ಟಾಯ್ತಲ್ಲಮ್ಮ. ಇಳಿಸಿದ ಐದನೇ ದಿನ. ಚೀಟಿ ತಂದಿದ್ರು, ಪತ್ರ ತಂದಿದ್ರು, ಗುರುತಿನ ಚೀಟಿ ತೋರಿಸಿದ್ರು. ಎಲ್ಲಾ ಸರಿ ಇತ್ತು."

ಪೆಟ್ಟಿಗೆ ಒಪ್ಪಿಸುವಾಗ ಕೊಡುವ ಆ ಚೀಟಿ ಒಂದೇ ಇರುತ್ತದೆ. ಅದು ತಪಾಸಣೆಗಾರನ ಜೇಬಿನಲ್ಲಿತ್ತು. "ಪತ್ರ ಇದೆಯಾ?" ಎಂದೆ.

ಗುಮಾಸ್ತೆ ಪಿನ್ನಿನಿಂದ ಬಿಡಿಸಿ ಕೊಟ್ಟಳು. ನಾಲ್ಕೇ ಸಾಲು, ನೀಲಿ ಶಾಯಿ. ಕಾಗದದ ನೆತ್ತಿ ಹರಿದಿತ್ತು. ಕೆಳಗೆ ಸಣ್ಣ ಅಚ್ಚಿನಲ್ಲಿ 'ಹನ್ನೆರಡು ಗಂಟೆಗೆ ಕೋಣೆ ಖಾಲಿ ಮಾಡತಕ್ಕದ್ದು' ಎಂದಿತ್ತು.

"ಲಾಡ್ಜಿನ ಕಾಗದ," ಎಂದಳು ಟೀಚರು. ಅವಳ ಮುಖದಲ್ಲಿ ಬೆಳಕಾಡಿತು. "ಇವರು ಅಂಗಡಿ ಕಾಗದ ಮುಟ್ಟಿದ್ದೇ ಇಲ್ಲ. ನಮ್ಮನೆ ದಿನಸಿ ಚೀಟಿ ಎಲ್ಲಾ ಯಾವುದೋ ಲಾಡ್ಜಿನ ಕಾಗದದ ಮೇಲೇ. ಕೈಬರಹಾನೂ ಇವರದ್ದೇ ಸರ್. ಇವರದ್ದೇ! ಐದನೇ ದಿನ ಅಂದ್ರೆ... ಇದ್ದಾರೆ. ಬದುಕಿದಾರೆ. ಬಿಟ್ಟು ಹೋಗಿಲ್ಲ."

ಅವಳು ಮತ್ತೊಮ್ಮೆ ಓದಿದಳು. ಈ ಸಲ ತುಟಿಗಳು ನಿಧಾನವಾಗಿ ಆಡಿದವು, ಮಕ್ಕಳ ಬರಹ ತಿದ್ದುವವರ ತುಟಿಗಳಂತೆ.

ಬೆಳಕು ಆರಿತು.

"ಏನು ಟೀಚರ್?"

"ಒತ್ತು ಇದೆ."

"ಎಲ್ಲಿ?"

"ಪೆಟ್ಟಿಗೆ. 'ಈ ಪತ್ರ ತಂದವರಿಗೆ ನನ್ನ ಪೆಟ್ಟಿಗೆಯನ್ನು ಕೊಡುವುದು.' ಒತ್ತು ಇದೆ ಸರ್. ಎಷ್ಟು ದೊಡ್ಡದಾಗಿ ಬರೆದಿದಾರೆ ನೋಡಿ." ಬಾಲವನ್ನು ಮುಂದಿನ ಸಾಲಿನವರೆಗೂ ಎಳೆದು, ಕಾಗದ ಹರಿಯುವಷ್ಟು ಅದುಮಿ ಬರೆದ ಒತ್ತಕ್ಷರ ಅದು. "ಹದಿನಾರು ವರ್ಷ ನಾನು ಬೇಡಿಕೊಂಡ್ರೂ ಹಾಕದೇ ಇದ್ದೋರು. ಯಾರೋ ಪಕ್ಕದಲ್ಲಿ ನಿಂತು ಬರೆಸಿದಾರೆ. ಓದಿದ್ರೆ ನನಗೊಬ್ಬಳಿಗೇ ಗೊತ್ತಾಗ್ಲಿ ಅಂತ... 'ನನ್ನ ಮೇಲೆ ಭಾರ ಇದೆ ಕಣೇ' ಅಂತ ಹೇಳ್ತಿದಾರೆ."

ನನ್ನ ವೃತ್ತಿಯಲ್ಲಿ ನಾನು ಬೆರಳಚ್ಚು ನೋಡಿದ್ದೇನೆ, ಕೂದಲು, ರಕ್ತದ ಕಲೆ ನೋಡಿದ್ದೇನೆ. ಒಂದು ಅಕ್ಷರದ ಕಾಲ ಬುಡದಲ್ಲಿ ಮನುಷ್ಯನೊಬ್ಬ ಸಹಾಯಕ್ಕೆ ಕೂಗುತ್ತಿರುವುದನ್ನು ಕಂಡದ್ದು ಅದೇ ಮೊದಲು.

"ಪಡೆದುಕೊಂಡವರ ಸಹಿ ಯಾವುದು?" ಎಂದು ಗುಮಾಸ್ತೆಯನ್ನು ಕೇಳಿದೆ. ಅವಳು ದಾಖಲೆಯ ಕೊನೆಯ ಕಲಮು ತೋರಿಸಿದಳು. ನಾನು ಬಾಗುವಷ್ಟರಲ್ಲಿ ಟೀಚರ ಅಂಗೈ ಅದರ ಮೇಲೆ ಬಿತ್ತು.

"ಟೀಚರ್, ಕೈ ತೆಗೀರಿ."

ತೆಗೆಯಲಿಲ್ಲ. ಅವಳು ದಾಖಲೆಯನ್ನು ನೋಡುತ್ತಲೂ ಇರಲಿಲ್ಲ. "ಅಪ್ಪ ಹೋದಾಗ ಅವನಿಗೆ ಐದು ವರ್ಷ," ಎಂದಳು, ಗೋಡೆಗೆ ಹೇಳುವಂತೆ. "ಕೈ ಹಿಡಿದು ಅಕ್ಷರ ತಿದ್ದಿಸಿದೋಳು ನಾನೇ. ಸಹಿ ಕೊನೆಗೆ ಎರಡು ಚುಕ್ಕಿ ಇಡೋದನ್ನ ಬಿಡಿಸೋಕೇ ಆಗ್ಲಿಲ್ಲ."

ಚಪ್ಪಲಿಯೊಳಗಿನ ಕಲ್ಲು ಆಗ ಸಿಕ್ಕಿತು. ಹಿಡಿ ಕಿತ್ತುಹೋಗಿರೋ ಸೂಟ್‌ಕೇಸು. ಅದನ್ನು ಕಣ್ಣಾರೆ ಕಂಡವನು ಮಾತ್ರ ಆಡಬಹುದಾದ ಮಾತು. ಕಚೇರಿಯಲ್ಲಿ ಫೋನ್ ಎತ್ತಿಕೊಂಡ ಕೈ. ಬೀದಿಯಲ್ಲಿ ಕಿವಿಯಿಂದ ಇಳಿದ ಫೋನು. ಗಿರಾಕಿ!

ನನ್ನ ಜೇಬಿನಲ್ಲಿ ಫೋನ್ ಅದುರಿತು. ಅಧಿಕಾರಿ. ಐದಕ್ಕೆ ಹದಿನೆಂಟು ನಿಮಿಷ.

ನಾನು ಅದನ್ನು ಮೇಜಿನ ಮೇಲೆ, ಅವಳ ಕೈಯ ಪಕ್ಕದಲ್ಲಿಟ್ಟೆ. ಹೇಳಿದರೆ ಗಂಡನನ್ನು ಹುಡುಕುತ್ತಾರೆ, ತಮ್ಮನಿಗೆ ಬೇಡಿ ಬೀಳುತ್ತದೆ. ಹೇಳದಿದ್ದರೆ ಗಂಡ ಅವಳನ್ನು ಬಿಟ್ಟುಹೋದವನಾಗಿ ಕಡತದೊಳಗೆ ಸಮಾಧಿಯಾಗುತ್ತಾನೆ. ಆ ಆಯ್ಕೆ ನನ್ನದಾಗಿರಲಿಲ್ಲ. ಆಗಿರಲಿಲ್ಲವೆಂಬುದಕ್ಕೆ ನನಗೆ ಸಂತೋಷವಾಯಿತು. ಆ ಸಂತೋಷಕ್ಕೆ ಇಂದಿಗೂ ನಾಚಿಕೆಪಡುತ್ತೇನೆ.

ಹಿಂದೆ ಷಟರ್ ಕಿರುಗುಟ್ಟಿತು.

"ಅಕ್ಕಾ, ಸಿಕ್ತಾ?"

ಟೀಚರು ತಿರುಗಲಿಲ್ಲ. "ಇನ್ನೂ ಹುಡುಕ್ತಿದಾರೆ ಕಣೋ. ನೀನು ಗಾಡೀಲೇ ಕೂತಿರು." ದನಿಯಲ್ಲಿ ಒಂದು ಬಿರುಕೂ ಇರಲಿಲ್ಲ.

ಗುಮಾಸ್ತೆ ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿದಳು. ಅವಳ ಮುಖ ಅರಳಿತು. "ಓ, ಇವರೇ ಬಂದ್ರಲ್ಲ! ಇವರಿಗೇ ಅಲ್ವಾ ನಾನು ಬ್ಯಾಗು ಕೊಟ್ಟಿದ್ದು!"

ಫೋನ್ ಅದುರುತ್ತಲೇ ಇತ್ತು. ಟೀಚರು ಎಡಗೈಯಲ್ಲಿ ಅದನ್ನೆತ್ತಿ ಕಿವಿಗಿಟ್ಟುಕೊಂಡಳು. ಬಲಗೈ ಸಹಿಯ ಮೇಲೆಯೇ ಇತ್ತು. ಈಗ ಅವಳು ತಿರುಗಿ ತಮ್ಮನ ಕಣ್ಣನ್ನೇ ನೋಡುತ್ತಿದ್ದಳು.

"ಹಲೋ. ಹೌದು ಸಾರ್, ನಾನೇ, ಅವರ ಮನೆಯವಳು. ಕಡತ ಮುಚ್ಬೇಡಿ. ಪೆಟ್ಟಿಗೆ ಯಾರು ತಗೊಂಡ್ರು ಅಂತ ಗೊತ್ತಾಯ್ತು."

ತಮ್ಮ ಓಡಲಿಲ್ಲ. ಕೈ ಹಿಂದಕ್ಕೆ ಚಾಚಿ ಕಬ್ಬಿಣದ ಷಟರನ್ನು ನೆಲ ಮುಟ್ಟುವವರೆಗೂ ಎಳೆದ. ಉಗ್ರಾಣ ಕತ್ತಲಾಯಿತು. ಆ ಕತ್ತಲಿನಲ್ಲಿ ಅವನು ಅಳುತ್ತಿದ್ದಾನೆಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು.

"ಅಕ್ಕಾ," ಎಂದ. "ನನ್ನ ಹೆಸರು ಹೇಳಿದ್ರೆ ನಾಳೆ ಮಧ್ಯಾಹ್ನ ಹನ್ನೆರಡರವರೆಗೂ ಭಾವನ್ನ ಉಳಿಸಲ್ಲ ಅವರು."

ಫೋನಿನೊಳಗಿಂದ ಕಾಗದ ಸರಿಸಿದ ಸದ್ದು, ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.

"ಹೇಳಮ್ಮ, ಬರ್ಕೋತೀನಿ. ಹೆಸರು?"